ದೀಪಾವಳಿಗೆ ಎತ್ತಿಟ್ಟು ಯುಗಾದಿಗೆ ಇಳಿಸೋದು: ಮೆಟಲ್ ಡಿಟೆಕ್ಟರ್ ಚಳಿಗಾಲದಲ್ಲಿ ಹಾಳಾಗ್ದಂಗೆ ಇಡೋದು ಹೇಗೆ

ನಾವಿರೋದು ಅಮೆರಿಕದ ಮಿಶಿಗನ್‌ನಲ್ಲಿ, ಗ್ರ್ಯಾಂಡ್ ರ‍್ಯಾಪಿಡ್ಸ್ ಹತ್ರ. ಮೆಟಲ್ ಡಿಟೆಕ್ಟರ್ ಹಿಡ್ಕೊಂಡು ನೆಲದಡಿ ಹೂತ ಹಳೇ ನಾಣ್ಯ, ಲೋಹದ ಸಾಮಾನು ಹುಡುಕೋದು ನಮ್ಮ ಹವ್ಯಾಸ. ಇಲ್ಲಿ ನವೆಂಬರ್ ಅರ್ಧ ದಾಟ್ತಿದ್ದಂಗೆ ನೆಲ ಬಿಗಿಯೋಕೆ ಶುರು, ಡಿಸೆಂಬರ್ ಬಂತು ಅಂದ್ರೆ ಡಿಗ್ಗರ್ (ಅಗೆಯೋ ಸಣ್ಣ ಸಲಿಕೆ) ಊರಿದ್ರೆ ಕಲ್ಲಿಗೆ ಹೊಡ್ದಂಗೆ ಠಣ್ ಅಂತ ವಾಪಸ್ ಪುಟಿಯುತ್ತೆ, ಮಾರ್ಚ್ ಕೊನೆವರೆಗೂ ಇದೇ ಪಾಡು. ಹಟಕ್ಕೆ ಬಿದ್ದು ಅಗೆದ್ರೂ ಹುಲ್ಲಿನ ಹೆಂಟೆ ನೀಟಾಗಿ ಎದ್ದು ಬರಲ್ಲ, ಚೂರುಚೂರಾಗಿ ಒಡೆಯುತ್ತೆ, ವಾಪಸ್ ಮುಚ್ಚಿದ್ರೂ ಅಲ್ಲಿ ಹುಲ್ಲು ಸತ್ತು ಬೋಳಾಗಿ ಕಾಣುತ್ತೆ, ನಂಬಿ ಜಾಗ ಕೊಟ್ಟವರ ಅಂಗಳ ಹಾಳು ಮಾಡಿದಂಗೆ ಆಗುತ್ತೆ. ಲೇಕ್ ಮಿಶಿಗನ್ ದಡದಲ್ಲೂ ಅಷ್ಟೇ, ಅಲೆ ನೀರು ಹೆಪ್ಪುಗಟ್ಟಿ ದಡಕ್ಕೆ ಅಂಟ್ಕೊಂಡು ಐಸ್ ಗುಡ್ಡೆ ಆಗಿರುತ್ತೆ, ಮೇಲೆ ಗಟ್ಟಿ ಕಂಡ್ರೂ ಒಳಗೆ ಟೊಳ್ಳು, ಅದರ ಮೇಲೆ ಕಾಲಿಡ್ಲೇಬಾರ್ದು. ಹಂಗಾಗಿ ನಾಲ್ಕು ತಿಂಗಳು ಡಿಟೆಕ್ಟರಿಗೆ ರಜ.

ಈ ಲೇಖನ ಬರೀತಿರೋದು ಯಾಕೆ ಅಂದ್ರೆ ನನ್ನ ಮೊದಲನೇ ಡಿಟೆಕ್ಟರ್ ಹಾಳಾಗಿದ್ದು ಮಣ್ಣಲ್ಲೂ ಅಲ್ಲ ನೀರಲ್ಲೂ ಅಲ್ಲ, ಗ್ಯಾರೇಜಲ್ಲಿ ಸುಮ್ನೆ ನಿಂತಿದ್ದಾಗ. ಕೊನೇ ಸಲ ಹೋಗ್ಬಂದು ಗೋಡೆಗೆ ಒರಗಿಸಿಟ್ಟೆ, ಒಳಗೆ ನಾಲ್ಕು ಎಎ ಸೆಲ್ ಇತ್ತು, ಮುಂದಿನ ವಾರ ತೆಗೆದ್ರಾಯ್ತು ಅಂದ್ಕೊಂಡೆ, ಆ ವಾರ ಬರ್ಲೇ ಇಲ್ಲ. ಏಪ್ರಿಲ್‌ನಲ್ಲಿ ಮಗ ಖುಷಿಯಿಂದ ಹೋಗಿ ತಂದು ಬಟನ್ ಒತ್ತಿದ, ಏನೂ ಇಲ್ಲ. ಮುಚ್ಚಳ ತೆಗೆದು ನೋಡಿದ್ರೆ ಸೆಲ್ಲಿನ ತುದಿಯಲ್ಲೆಲ್ಲ ಬಿಳೀ ಉಪ್ಪು ಹೂ ಬಿಟ್ಟಂಗೆ, ಸ್ಪ್ರಿಂಗು ಮುಟ್ಟಿದ್ರೆ ಪುಡಿ. ಆ ಹುಡುಗನ ಮುಖ ನೋಡಿದ್ದು ನನಗಿನ್ನೂ ಮರೆತಿಲ್ಲ. ಅವತ್ತಿಂದ ನಾನು ಒಂದು ಭಾನುವಾರ ಮಧ್ಯಾಹ್ನ ಇದಕ್ಕೇ ಅಂತ ಎತ್ತಿಟ್ಟಿದೀನಿ, ಒಂದೂವರೆ ಎರಡು ಗಂಟೆ ಕೆಲಸ, ಆಮೇಲೆ ಒಂದೆರಡು ದಿನ ಒಣಗೋಕೆ ಬಿಡೋದು, ಅಷ್ಟೇ.

ನಮ್ಮದು ತೀರ್ಥಹಳ್ಳಿ ಕಡೆ ಅಡಿಕೆ ಮನೆ. ಕೊಯ್ಲು ಮುಗಿದು ಮಳೆ ಹಿಡಿಯೋ ಮುಂಚೆ ಅಜ್ಜಯ್ಯ ಕತ್ತಿ, ಮೆಟ್ಟುಗತ್ತಿ ಎಲ್ಲ ಒರೆಸಿ ಎಣ್ಣೆ ಸವರಿ ಅಟ್ಟಕ್ಕೆ ಹಾಕೋರು, ಅದು ಮುಗಿಯೋವರೆಗೂ ಬೇರೆ ಕೆಲಸಕ್ಕೆ ಕೈ ಹಾಕ್ತಿರ್ಲಿಲ್ಲ. ನಾನು ಮಾಡ್ತಿರೋದೂ ಅದನ್ನೇ, ಕಬ್ಬಿಣದ ಬದಲು ಎಲೆಕ್ಟ್ರಾನಿಕ್ಸು. ಇಲ್ಲಿ ಶತ್ರು ಚಳಿ ಅಲ್ಲ. ಒಳಗೆ ಬಿಟ್ಟ ಬ್ಯಾಟರಿ, ಒಳಗೆ ಉಳಿದ ತೇವ, ಇವೆರಡೇ. ಈ ಎರಡನ್ನ ನೋಡ್ಕೊಂಡ್ರೆ ಮುಕ್ಕಾಲು ಪಾಲು ಕೆಲಸ ಮುಗೀತು.

ಇಂಗ್ಲೆಂಡಲ್ಲಿರೋರಿಗೆ ಸೀಸನ್ನು ಉಲ್ಟಾ, ಅಲ್ಲಿ ಬೇಸಿಗೆಯಲ್ಲಿ ಹೊಲದ ತುಂಬ ಬೆಳೆ ನಿಂತಿರುತ್ತೆ, ಆಗಸ್ಟ್ ಸುಮಾರಿಗೆ ಕಟಾವಾದ ಮೇಲೆ ಕೂಳೆ ಹೊಲಕ್ಕೆ ಇಳೀತಾರೆ, ಅವರಿಗೆ ರಜ ಬೇಸಿಗೆಯಲ್ಲೇ. ಹೆಜ್ಜೆಗಳು ಅವೇ, ಹೆಪ್ಪುಗಟ್ಟೋ ಗ್ಯಾರೇಜಿನ ಬದಲು ಕಾದು ಬೇಯೋ ಶೆಡ್ಡಿನ ಬಗ್ಗೆ ಯೋಚಿಸ್ಬೇಕು ಅಷ್ಟೇ.

ಹೆಜ್ಜೆ 1: ಮೊದಲು ತೊಳೀರಿ, ಆದ್ರೆ ಎಲ್ಲಿಗೆ ನೀರು ಹಾಕಬಹುದು ಅಂತ ಗೊತ್ತಿರಲಿ

ವಾಟರ್‌ಪ್ರೂಫ್ ಅಂತ ಬಾಕ್ಸ್ ಮೇಲೆ ಬರೆದಿದ್ದನ್ನ ನೋಡಿ ನಲ್ಲಿ ಕೆಳಗೆ ಹಿಡಿಯೋ ಮುಂಚೆ ಯಾವ ಭಾಗ ವಾಟರ್‌ಪ್ರೂಫ್ ಅಂತ ಮ್ಯಾನ್ಯುಯಲ್ ನೋಡಿ. ಗ್ಯಾರೆಟ್ ಏಸ್ 300, 400 ಥರದ ಮಾಡೆಲ್‌ಗಳಲ್ಲಿ ಕೆಳಗಿನ ಕಾಯಿಲ್ (ನೆಲದ ಮೇಲೆ ಆಡಿಸೋ ತಟ್ಟೆ) ಮಾತ್ರ ನೀರಿಗೆ ಇಳಿಸಬಹುದು, ಮೇಲಿನ ಕಂಟ್ರೋಲ್ ಬಾಕ್ಸಿಗೆ ಮಳೆ ಹನಿಯೂ ಆಗಲ್ಲ. ಗ್ಯಾರೆಟ್ ಎಟಿ ಪ್ರೊ, ಮೈನ್‌ಲ್ಯಾಬ್ ಈಕ್ವಿನಾಕ್ಸ್ 800 ಇವೆರಡೂ ಸುಮಾರು 3 ಮೀಟರ್ ಆಳದವರೆಗೆ ಪೂರ್ತಿ ಮುಳುಗಿಸಬಹುದಾದಂಥವು. ಆದ್ರೂ ಯಾವುದಕ್ಕೂ ಪ್ರೆಶರ್ ವಾಷರ್ ಹಿಡೀಬೇಡಿ, ಕಾರ್ ತೊಳೆಯೋ ಜಾಗದಲ್ಲಿ ಕಾರ್ ಜೊತೆಗೆ ಇದನ್ನೂ ತೊಳೆದು ಸೀಲ್ ಒಳಗೆ ನೀರು ನುಗ್ಗಿಸಿಕೊಂಡವರನ್ನ ನಾನೇ ನೋಡಿದೀನಿ. ನಿಂತ ನೀರಲ್ಲಿ ಮುಳುಗಿಸೋದು ಬೇರೆ, ರಭಸದ ನೀರು ಸೀಲಿಗೆ ನೇರ ಹೊಡೆಯೋದು ಬೇರೆ.

ಕಾಯಿಲ್ ಅಡಿಯಲ್ಲಿ ಒಂದು ಪ್ಲಾಸ್ಟಿಕ್ ಕವರ್ ಇರುತ್ತಲ್ಲ, ಅದನ್ನ ಬಿಚ್ಚಿ. ಬಹಳ ಜನ ವರ್ಷಗಟ್ಟಲೆ ಅದನ್ನ ತೆಗೆದೇ ಇರಲ್ಲ. ತೆಗೆದ್ರೆ ಒಳಗೆ ಒಂದು ಪದರ ಮಣ್ಣು, ಮರಳು, ಇಲ್ಲಿನ ಬೀಚ್‌ಗಳಲ್ಲಾದ್ರೆ ಜೊತೆಗೆ ಕರೀ ಮರಳು. ಆ ಕರೀ ಮರಳಲ್ಲಿ ಮ್ಯಾಗ್ನೆಟೈಟ್ ಅಂತ ಕಬ್ಬಿಣದ ಖನಿಜ ಇರುತ್ತೆ, ಒಂದು ಅಯಸ್ಕಾಂತ ಹಿಡಿದ್ರೆ ಮೀಸೆ ಥರ ಅಂಟ್ಕೊಳ್ಳುತ್ತೆ. ಅದು ಕಾಯಿಲ್‌ಗೆ ಅಂಟ್ಕೊಂಡಿದ್ರೆ ಮಷೀನು ಸುಮ್‌ಸುಮ್ನೆ ಕಿಚಕಿಚ ಅನ್ನುತ್ತೆ, ನಾವು ಸೆಟ್ಟಿಂಗ್ ಸರಿ ಇಲ್ಲ ಅಂತ ತಲೆ ಕೆಡಿಸ್ಕೋತೀವಿ. ಸಾಲದ್ದಕ್ಕೆ ಆ ಮಣ್ಣು ತೇವ ಹಿಡ್ಕೊಂಡು ಕೂತಿರುತ್ತೆ. ಕವರ್ ಅಂಚನ್ನ ಬೆರಳಿಂದ ಸ್ವಲ್ಪ ಸ್ವಲ್ಪನೇ ಸುತ್ತಲೂ ಎಬ್ಬಿಸ್ಕೊಂಡು ಬನ್ನಿ, ಸ್ಕ್ರೂಡ್ರೈವರ್ ತುರುಕಬೇಡಿ. ಉಗುರುಬೆಚ್ಚಗಿನ ನೀರು, ಒಂದು ಹನಿ ಪಾತ್ರೆ ತೊಳೆಯೋ ಸೋಪು, ಹಳೇ ಟೂತ್‌ಬ್ರಷ್, ಸಾಕು.

ಕಂಟ್ರೋಲ್ ಬಾಕ್ಸಿಗೆ ಒದ್ದೆ ಬಟ್ಟೆ ಹಿಂಡಿ ಒರೆಸಿದ್ರೆ ಆಯ್ತು. ಸ್ಕ್ರೀನಿಗೆ ಥಿನ್ನರ್, ಗಾಜು ಒರೆಸೋ ಅಮೋನಿಯಾ ಸ್ಪ್ರೇ ಯಾವುದೂ ಬೇಡ, ಪ್ಲಾಸ್ಟಿಕ್ ಮಸುಕಾಗುತ್ತೆ. ಡಬ್ಲ್ಯುಡಿ-40 ಮನೇಲಿ ಎಲ್ಲದಕ್ಕೂ ಹೊಡೆಯೋ ಅಭ್ಯಾಸ ಇರೋರು ಇದಕ್ಕೆ ಹೊಡೀಬೇಡಿ, ಸೀಲಿನ ಕೆಲವು ಥರದ ರಬ್ಬರಿಗೆ ಅದು ಆಗಿಬರಲ್ಲ.

ಫ್ಲೋರಿಡಾ ಕಡೆ ಹೋಗಿ ಸಮುದ್ರದಲ್ಲಿ ಆಡಿಸ್ಕೊಂಡು ಬಂದಿದ್ರೆ ಮಾತ್ರ ಸೀಸನ್ ಮುಗಿಯೋವರೆಗೆ ಕಾಯ್ಬೇಡಿ, ಅವತ್ತೇ ರಾತ್ರಿ ಹೋಟೆಲ್ ಬಾತ್‌ಟಬ್ಬಲ್ಲೇ ಸಿಹಿನೀರಲ್ಲಿ ತೊಳೀರಿ, ಶಾಫ್ಟಿನ (ಕಾಯಿಲ್ ಹಿಡಿದಿರೋ ಉದ್ದ ಕೋಲು) ಒಳಗೂ ನೀರು ಹಾಯಿಸಿ. ಉಪ್ಪು ಒಣಗಿ ಕೂತ್ರೆ ಸ್ಕ್ರೂ, ಲಾಕು, ಕನೆಕ್ಟರ್ ಎಲ್ಲ ತಿನ್ನುತ್ತೆ. ನಮ್ಮ ಲೇಕ್ ಮಿಶಿಗನ್ ಸಿಹಿನೀರು, ಆ ಮಟ್ಟಿಗೆ ನಾವು ಪುಣ್ಯವಂತರು.

ಹೆಜ್ಜೆ 2: ಪೂರ್ತಿ ಬಿಚ್ಚಿ, ಪೂರ್ತಿ ಒಣಗಿಸಿ

ಶಾಫ್ಟಿನ ಮೂರೂ ಭಾಗ ಬೇರೆ ಮಾಡಿ. ಒಂದನ್ನ ನೆಟ್ಟಗೆ ಹಿಡಿದು ನೋಡಿ, ಒಳಗಿಂದ ನೀರು ಸುರಿದ್ರೆ ಆಶ್ಚರ್ಯ ಪಡ್ಬೇಡಿ. ತಿರುಗಿಸಿ ಬಿಗಿ ಮಾಡೋ ಲಾಕ್‌ಗಳನ್ನ ಬಿಚ್ಚಿ ಮರಳು ತೊಳೆದು, ವಾಪಸ್ ಹಾಕುವಾಗ ಸಡಿಲವಾಗೇ ಬಿಡಿ, ನಾಲ್ಕು ತಿಂಗಳು ಬಿಗಿಯಾಗೇ ಇದ್ರೆ ಜಾಮ್ ಆಗಿ ಕೂರುತ್ತೆ, ಪ್ಲಾಸ್ಟಿಕ್ ಅಲ್ಲೇ ಒತ್ತಿ ಆಕಾರ ಕಳ್ಕೊಳ್ಳುತ್ತೆ. ಕಾಯಿಲ್ ಕೂರಿಸೋ ಪ್ಲಾಸ್ಟಿಕ್ ಬೋಲ್ಟು ಮತ್ತೆ ಅದರ ಎರಡೂ ಪಕ್ಕದ ರಬ್ಬರ್ ವಾಷರ್ ಬಿಚ್ಚಿ ಒರೆಸಿ. ವಾಷರ್ ಸವೆದು ನುಣ್ಣಗಾಗಿದ್ರೆ ಈಗಲೇ ಹೊಸದು ಆರ್ಡರ್ ಮಾಡಿ, ಕಾಯಿಲ್ ಜೋತಾಡುತ್ತೆ ಅಂತ ಬೋಲ್ಟನ್ನೇ ಬಿಗಿ ಮಾಡ್ತಾ ಹೋದ್ರೆ ಒಂದಿನ ಕಾಯಿಲ್‌ನ ಕಿವಿಯೇ ಮುರಿಯುತ್ತೆ, ಆಮೇಲೆ ಕಾಯಿಲ್ಲೇ ಹೊಸದು ತರ್ಬೇಕು.

ಒಂದು ಹಳೇ ಟವೆಲ್ ಹಾಸಿ ಎಲ್ಲ ಬಿಡಿಬಿಡಿಯಾಗಿ ಹರಡಿ, ಒಂದೆರಡು ದಿನ ಮನೆ ಒಳಗೆ ಫ್ಯಾನ್ ಗಾಳಿಗೆ ಬಿಡಿ. ಹೀಟರ್ ಗಾಳಿ ಬರೋ ಕಿಂಡಿ ಮೇಲೆ ಇಡಬೇಡಿ, ಹೇರ್ ಡ್ರೈಯರ್ ಹಿಡೀಬೇಡಿ. ಬಿಸಿಗೆ ಕಾಯಿಲ್ ಒಳಗಿನ ಅಂಟು, ತಂತಿ ಸುತ್ತು ಹಿಗ್ಗಿ ಕುಗ್ಗಿ ಬಿರುಕು ಬಿಡಬಹುದು, ಅದು ಕಣ್ಣಿಗೆ ಕಾಣೋದೂ ಇಲ್ಲ.

ಹೆಜ್ಜೆ 3: ಬ್ಯಾಟರಿ

ಈ ಒಂದು ವಿಷಯ ನಿಧಾನಕ್ಕೆ ಓದಿ, ಉಳಿದಿದ್ದು ಬೇಕಾದ್ರೆ ಹಾರಿಸಿ ಓದಿ.

ಸೆಲ್ ಹಾಕೋ ಮಷೀನಾದ್ರೆ ಒಂದೇ ಮಾತು, ಎಲ್ಲ ಸೆಲ್ ಹೊರಗೆ. ಹೊಸ ಸೆಲ್ ಮೊನ್ನೆ ತಾನೇ ಹಾಕಿದ್ದು, ಒಳ್ಳೇ ಕಂಪನಿದು, ಇವೆಲ್ಲ ಲೆಕ್ಕಕ್ಕಿಲ್ಲ. ಅಲ್ಕಲೈನ್ ಸೆಲ್ಲಿನೊಳಗೆ ಪೊಟ್ಯಾಶಿಯಂ ಹೈಡ್ರಾಕ್ಸೈಡ್ ಅನ್ನೋ ತೀಕ್ಷ್ಣ ಕ್ಷಾರ ಇರುತ್ತೆ. ಸೆಲ್ ಖಾಲಿ ಆಗ್ತಾ ಹೋದಂಗೆ ಒಳಗೆ ಹೈಡ್ರೋಜನ್ ಗ್ಯಾಸ್ ಹುಟ್ಟಿ ಒತ್ತಡ ಏರುತ್ತೆ, ಕೊನೆಗೆ ತುದಿಯ ಸೀಲ್ ಸೋತು ಆ ಕ್ಷಾರ ಹೊರಗೆ ಜಿನುಗುತ್ತೆ, ಗಾಳಿಯ ಇಂಗಾಲದ ಡೈಆಕ್ಸೈಡ್ ಜೊತೆ ಸೇರಿ ಬಿಳೀ ಪುಡಿ ಆಗುತ್ತೆ, ನಾನು ಅವತ್ತು ನೋಡಿದ ಬಿಳೀ ಉಪ್ಪು ಅದೇ. ಮಷೀನ್ ಆಫ್ ಮಾಡಿದೀನಲ್ಲ ಅಂತೀರಾ, ಕೆಲವು ಮಷೀನುಗಳು ಆಫ್ ಆಗಿದ್ರೂ ಚೂರು ಕರೆಂಟು ಎಳೀತಾನೇ ಇರ್ತವೆ, ನಾಲ್ಕು ತಿಂಗಳಿಗೆ ಆ ಚೂರೇ ಸೆಲ್ ಖಾಲಿ ಮಾಡೋಕೆ ಸಾಕು.

ಪಿನ್‌ಪಾಯಿಂಟರ್ ಮರೀಬೇಡಿ! ಅಗೆದ ಗುಂಡಿಯೊಳಗೆ ಲೋಹ ಕರೆಕ್ಟಾಗಿ ಎಲ್ಲಿದೆ ಅಂತ ತೋರಿಸೋ ಕೈಯಲ್ಲಿ ಹಿಡಿಯೋ ಸಣ್ಣ ಡಿಟೆಕ್ಟರ್ ಇದು. ಎಲ್ಲರೂ ದೊಡ್ಡ ಮಷೀನ್ ಸೆಲ್ ತೆಗೆದು ಇದನ್ನ ಮರೆಯೋದು. ಗ್ಯಾರೆಟ್‌ನ ಆ ಕೇಸರಿ ಬಣ್ಣದ ಪ್ರೊ-ಪಾಯಿಂಟರ್ ಎಟಿ ಒಳಗೆ ಒಂದು 9 ವೋಲ್ಟ್ ಬ್ಯಾಟರಿ ಇರುತ್ತೆ, ಅದು ಒಳಗೇ ಸೋರಿದ್ರೆ ಕೊಳವೆ ಥರ ಇರೋ ಬಾಡಿಯಲ್ಲಿ ಅಂಟ್ಕೊಂಡು ತೆಗೆಯೋಕೇ ಬರಲ್ಲ. ಹೊರಗೆ ತೆಗೆದ 9 ವೋಲ್ಟ್ ಬ್ಯಾಟರಿಯ ಎರಡು ಗುಬುಟಿಗೂ ಒಂದು ತುಂಡು ಟೇಪ್ ಅಂಟಿಸಿ, ಎರಡೂ ಟರ್ಮಿನಲ್ ಒಂದೇ ಕಡೆ ಇರೋದ್ರಿಂದ ಡ್ರಾಯರ್‌ನಲ್ಲಿ ಚಿಲ್ಲರೆ ಕಾಸು, ಬೀಗದ ಕೈ ತಾಗಿದ್ರೂ ಶಾರ್ಟ್ ಆಗಿ ಬೆಂಕಿ ಹತ್ತಬಹುದು. ನಮ್ಮಂಥೋರ ಡ್ರಾಯರ್ ತುಂಬ ನಾಣ್ಯನೇ ಇರೋದು, ಹಂಗಾಗಿ ಇದನ್ನ ಒತ್ತಿ ಹೇಳ್ತೀನಿ.

ಈಗಾಗಲೇ ಸೋರಿದ್ರೆ ಏನು ಮಾಡೋದು? ಗ್ಲೌಸ್ ಹಾಕ್ಕೊಳ್ಳಿ, ಕಣ್ಣಿಗೆ ಕನ್ನಡಕ ಇರಲಿ, ಮಕ್ಕಳ ಕೈಗೆ ಕೊಡಬೇಡಿ. ಸೆಲ್ ಹುಷಾರಾಗಿ ತೆಗೆದು ಬಿಳೀ ಪುಡಿಯನ್ನ ಒಣ ಬ್ರಷ್ಷಲ್ಲಿ ಉದುರಿಸಿ, ಆಮೇಲೆ ಇಯರ್ ಬಡ್ಸ್ ತುದಿಯನ್ನ ವಿನೆಗರ್‌ನಲ್ಲೋ ನಿಂಬೆರಸದಲ್ಲೋ ಅದ್ದಿ ಲೋಹದ ಪಟ್ಟಿಗೆ ಮಾತ್ರ ಒತ್ತಿ, ಸಣ್ಣಗೆ ಗುಳ್ಳೆ ಬರುತ್ತೆ, ಅಂದ್ರೆ ಹುಳಿ ಕ್ಷಾರವನ್ನ ಮುರೀತಿದೆ ಅಂತ ಅರ್ಥ. ಗುಳ್ಳೆ ನಿಂತ ಮೇಲೆ ನೀರಲ್ಲಿ ಅದ್ದಿ ಹಿಂಡಿದ ಬಡ್ಸ್, ಕೊನೆಗೆ ಐಸೊಪ್ರೊಪೈಲ್ ಆಲ್ಕೋಹಾಲ್ ಅದ್ದಿದ ಬಡ್ಸ್, ಪೂರ್ತಿ ಒಣಗಿದ ಮೇಲೆ ಪೆನ್ಸಿಲ್ ರಬ್ಬರ್‌ನಲ್ಲಿ ಪಟ್ಟಿ ಉಜ್ಜಿ ಹೊಳಪು ಬರಿಸಿ. ವಿನೆಗರ್ ಸುರೀಬೇಡಿ, ಹನಿ ಲೆಕ್ಕದಲ್ಲಿ ಸಾಕು, ಸರ್ಕ್ಯೂಟ್ ಕಡೆ ಹರಿಯಬಾರ್ದು. ಒಂದು ವಿಷಯ, ಊರಲ್ಲಿ ಗೋಡೆ ಗಡಿಯಾರಕ್ಕೆ ಹಾಕೋ ಅಗ್ಗದ ಮಾಮೂಲಿ ಜಿಂಕ್-ಕಾರ್ಬನ್ ಸೆಲ್ ಸೋರಿದ್ರೆ ಅದು ಕ್ಷಾರ ಅಲ್ಲ, ಹುಳಿ ಸ್ವಭಾವದ್ದು. ಅದಕ್ಕೆ ವಿನೆಗರ್ ಬದಲು ಅಡುಗೆ ಸೋಡ ನೀರಲ್ಲಿ ಕಲಸಿ ಬಳಸಬೇಕು.

ಇನ್ನು ಒಳಗೇ ಲಿಥಿಯಂ ಬ್ಯಾಟರಿ ಇರೋ ಮಷೀನುಗಳು, ಈಕ್ವಿನಾಕ್ಸ್, ನೋಕ್ಟಾ ಸಿಂಪ್ಲೆಕ್ಸ್, ಎಕ್ಸ್‌ಪಿ ಡೀಯಸ್ ಇವೆಲ್ಲ. ಇವು ಸೋರಲ್ಲ, ಇವುಗಳ ಕಾಯಿಲೆ ಬೇರೆ. ಫುಲ್ ಚಾರ್ಜ್ ಮಾಡಿ ಇಡೋಣ, ಬೇಕಾದಾಗ ರೆಡಿ ಇರುತ್ತೆ ಅನ್ಸುತ್ತೆ, ಅದು ತಪ್ಪು. ಫುಲ್ ಆಗಿ ತಿಂಗಳುಗಟ್ಟಲೆ ಕೂತ್ರೆ, ಅದ್ರಲ್ಲೂ ಬೆಚ್ಚಗಿನ ಜಾಗದಲ್ಲಿ, ಬ್ಯಾಟರಿಯ ತಾಕತ್ತು ಬೇಗ ಕುಂದುತ್ತೆ. ಪೂರ್ತಿ ಖಾಲಿ ಮಾಡಿ ಇಡೋದು ಅದಕ್ಕಿಂತ ಅಪಾಯ, ಲಿಥಿಯಂ ಬ್ಯಾಟರಿ ಸುಮ್ನೆ ಕೂತ್ರೂ ತಿಂಗಳಿಗೆ ಒಂದೆರಡು ಪರ್ಸೆಂಟ್ ಇಳಿಯುತ್ತೆ, ಖಾಲಿಯಿಂದ ಇನ್ನೂ ಕೆಳಗೆ ಇಳಿದ್ರೆ ಒಳಗಿನ ತಾಮ್ರದ ಹಾಳೆಯೇ ಕರಗೋಕೆ ಶುರುವಾಗುತ್ತೆ, ಆಮೇಲೆ ಬ್ಯಾಟರಿಯ ಸೇಫ್ಟಿ ಸರ್ಕ್ಯೂಟ್ ಚಾರ್ಜ್ ತಗೊಳ್ಳೋದನ್ನೇ ನಿಲ್ಲಿಸಿಬಿಡುತ್ತೆ. ಅರ್ಧ, ಅಂದ್ರೆ 40ರಿಂದ 60 ಪರ್ಸೆಂಟ್ ಮಧ್ಯೆ ಇಡಿ. ಸ್ಕ್ರೀನಲ್ಲಿ ಪರ್ಸೆಂಟ್ ತೋರಿಸಲ್ಲ, ಗೆರೆ ಮಾತ್ರ ತೋರಿಸುತ್ತೆ ಅಂದ್ರೆ ಅರ್ಧ ಗೆರೆ ಲೆಕ್ಕ ಹಿಡೀರಿ, ಕರಾರುವಾಕ್ಕಾಗಿ ಬೇಕಿಲ್ಲ.

ಜೀರೋ ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿನ ಚಳಿಯಲ್ಲಿ ಲಿಥಿಯಂ ಬ್ಯಾಟರಿ ಚಾರ್ಜಿಗೆ ಹಾಕಲೇಬೇಡಿ. ತಣ್ಣಗಿರೋ ಬ್ಯಾಟರಿಗೆ ಚಾರ್ಜ್ ತುರುಕಿದ್ರೆ ಲಿಥಿಯಂ ಒಳಗೆ ಸರಿಯಾಗಿ ಇಂಗದೆ ಲೋಹವಾಗಿ ಮೇಲ್ಮೈಗೆ ಅಂಟ್ಕೊಳ್ಳುತ್ತೆ, ಅದು ವಾಪಸ್ ಸರಿಹೋಗಲ್ಲ, ಜಾಸ್ತಿ ಆದ್ರೆ ಒಳಗೇ ಶಾರ್ಟ್ ಆಗಬಹುದು. ಗ್ಯಾರೇಜಿಂದ ತಂದ್ರೆ ಮನೆ ಒಳಗೆ ಅರ್ಧ ದಿನ ಬಿಟ್ಟು ಆಮೇಲೆ ಚಾರ್ಜರ್.

ಡೀಯಸ್ ಇರೋರಿಗೆ ಇನ್ನೊಂದು ಮಾತು, ಅದು ವೈರ್‌ಲೆಸ್ ಆಗಿರೋದ್ರಿಂದ ಬ್ಯಾಟರಿ ಒಂದಲ್ಲ, ರಿಮೋಟಲ್ಲಿ ಒಂದು, ಕಾಯಿಲ್ ಒಳಗೆ ಒಂದು, ಹೆಡ್‌ಫೋನಲ್ಲಿ ಒಂದು. ಮೂರನ್ನೂ ಬೇರೆಬೇರೆ ನೋಡ್ಬೇಕು. ಎಕ್ಸ್‌ಟ್ರಾ ಕಾಯಿಲ್ ತಗೊಂಡಿದ್ರೆ ಅದರೊಳಗೂ ಒಂದಿದೆ, ಅದನ್ನ ಬೀರುವಿನಲ್ಲಿ ಎರಡು ವರ್ಷ ಮರೆತು ಇಟ್ಟು ಕಳ್ಕೊಳ್ಳಬೇಡಿ.

ಬ್ಯಾಟರಿ ಉಬ್ಬಿದಂಗೆ ಕಂಡ್ರೆ, ಮುಚ್ಚಳ ಎದ್ದು ನಿಂತಿದ್ರೆ, ಚಾರ್ಜ್ ಮಾಡೋದು, ಒತ್ತಿ ಕೂರಿಸೋದು, ಚುಚ್ಚಿ ನೋಡೋದು ಯಾವುದೂ ಬೇಡ. ಮನೆ ಕಸದ ಡಬ್ಬಿಗೂ ಹಾಕ್ಬೇಡಿ, ಕಸದ ಲಾರಿಯಲ್ಲಿ ಜಜ್ಜಿ ಬೆಂಕಿ ಹತ್ತುತ್ತೆ. ನಿಮ್ಮ ಕೌಂಟಿಯವರು ಅಪಾಯಕಾರಿ ಕಸ ತಗೊಳ್ಳೋ ಜಾಗಕ್ಕೆ ಕೊಡಿ.

ಹೆಜ್ಜೆ 4: ಕೇಬಲ್, ಕನೆಕ್ಟರ್, ಓ-ರಿಂಗ್

ಕಾಯಿಲ್ ಕನೆಕ್ಟರ್ ತಿರುಗಿಸಿ ಬಿಚ್ಚಿ ಒಳಗೆ ಟಾರ್ಚ್ ಹಾಕಿ ನೋಡಿ. ಒಂದು ಹನಿ ನೀರು ಒಳಗೆ ಸಿಕ್ಕಿ ಕೂತಿದ್ರೆ ನಾಲ್ಕು ತಿಂಗಳಲ್ಲಿ ಪಿನ್ ಹಸಿರು ಕಟ್ಟುತ್ತೆ. ಒಣಗಿಸಿ, ಓ-ರಿಂಗ್ (ನೀರು ಒಳಗೆ ಬರದಂಗೆ ತಡೆಯೋ ರಬ್ಬರ್ ಬಳೆ) ತೆಗೆದು ನೂಲು ಬಿಡದ ಬಟ್ಟೆಯಲ್ಲಿ ಒರೆಸಿ, ಬೆರಳ ತುದಿಯಷ್ಟು ಸಿಲಿಕೋನ್ ಗ್ರೀಸ್ ತೆಳ್ಳಗೆ ಸವರಿ, ರಿಂಗು ಮಿಂಚಬೇಕು, ಮೆತ್ತಿರಬಾರ್ದು. ವ್ಯಾಸಲೀನ್, ಗಾಡಿ ಗ್ರೀಸ್ ಬೇಡ, ಕೆಲವು ರಬ್ಬರ್ ಅದಕ್ಕೆ ಊದ್ಕೊಳ್ಳುತ್ತೆ. ರಿಂಗಲ್ಲಿ ಬಿರುಕು ಕಂಡ್ರೆ ಕೆಲವೇ ಡಾಲರ್ ಖರ್ಚು ಮಾಡಿ ಹೊಸದು ಹಾಕಿ, ಆ ಸಣ್ಣ ರಿಂಗು ನೂರಾರು ಡಾಲರ್ ಮಷೀನನ್ನ ಕಾಯ್ತಿರೋದು. ಹೆಡ್‌ಫೋನ್, ಚಾರ್ಜರ್ ಕಿಂಡಿಗಳಿಗೆ ಮುಚ್ಚಳ ಇದ್ರೆ ಒಳಗೆ ಒಣಗಿದೆ ಅಂತ ನೋಡಿ ಮುಚ್ಚಿ.

ಕೇಬಲನ್ನ ಶಾಫ್ಟಿಗೆ ಹಗ್ಗ ಬಿಗಿದಂಗೆ ಸುತ್ತಿಡಬೇಡಿ. ಸಾರಿನ ಪಾತ್ರೆ ಬಾಯಿ ಅಗಲದ ಸುತ್ತು ಸಾಕು, ಸಡಿಲವಾಗಿ, ವೆಲ್ಕ್ರೋ ಪಟ್ಟಿಯಲ್ಲಿ ಹಿಡಿಸಿ. ಕಾಯಿಲ್‌ನಿಂದ ಕೇಬಲ್ ಹೊರಬರೋ ಆ ಬುಡದ ಜಾಗ ಬಹಳ ಸೂಕ್ಷ್ಮ, ಅಲ್ಲಿ ಮಡಚಿ ಕೂತ್ರೆ ಒಳಗಿನ ಎಳೆ ತಂತಿ ಮುರಿದು ಮುಂದಿನ ಸೀಸನ್ ಪೂರ್ತಿ ಭೂತ ಮೆಟ್ಕೊಂಡಂಗೆ ಸುಳ್ಳು ಸಿಗ್ನಲ್ ಕೊಡುತ್ತೆ.

ಹೆಜ್ಜೆ 5: ಎಲ್ಲಿ ಇಡೋದು

ಇಲ್ಲಿನ ಮನೆಗಳಲ್ಲಿ ಮೂರು ಜಾಗ ಹೊಳೆಯೋದು, ಗ್ಯಾರೇಜು, ಬೇಸ್‌ಮೆಂಟು, ಮಲಗೋ ರೂಮಿನ ಕ್ಲಾಸೆಟ್ಟು. ನನ್ನ ಓಟು ಕ್ಲಾಸೆಟ್ಟಿಗೆ, ಮನೆಯವರು ಜಾಗ ಇಲ್ಲ ಅಂದ್ರೂ ಸರಿ.

ಗ್ಯಾರೇಜಲ್ಲಿ ಜನವರಿ ರಾತ್ರಿ ಮೈನಸ್ ಹತ್ತು, ಹದಿನೈದು ಆಗಿರುತ್ತೆ, ಬೆಳಗ್ಗೆ ಬಿಸಿ ಇಂಜಿನ್ ಕಾರು ಬಂದು ನಿಂತ್ರೆ ಒಳಗೆಲ್ಲ ಆವಿ. ಕನ್ನಡಕ ಹಾಕ್ಕೊಂಡು ಹೊರಗಿಂದ ಮನೆಯೊಳಗೆ ಬಂದ ತಕ್ಷಣ ಗಾಜು ಮಂಜಾಗುತ್ತಲ್ಲ, ಅದೇ ಮಷೀನಿನ ಮೇಲೂ ಒಳಗೂ ಆಗುತ್ತೆ, ನಾಲ್ಕು ತಿಂಗಳಲ್ಲಿ ಎಷ್ಟೋ ಸಲ. ಚಳಿ ಒಂದೇ ಸಮ ಇದ್ರೂ ತಡ್ಕೊಳ್ಳುತ್ತೆ, ಈ ಏರಿಳಿತ ತಡ್ಕೊಳ್ಳಲ್ಲ. ಜೊತೆಗೆ ಕಾರಿನ ಚಕ್ರದಿಂದ ಕರಗಿ ಬೀಳೋ ರಸ್ತೆ ಉಪ್ಪಿನ ಕೆಸರು, ಚಳಿಗೆ ಬೆಚ್ಚಗೆ ಜಾಗ ಹುಡುಕ್ಕೊಂಡು ಬರೋ ಇಲಿ. ಇಲಿ ಕೇಬಲ್ ಕಡಿಯೋದು ಹೇಳಬೇಕಾಗಿಲ್ಲ, ಡಿಟೆಕ್ಟರ್ ಬ್ಯಾಗಿನ ಸ್ಪಂಜು ಕಿತ್ತು ಗೂಡು ಮಾಡಿದ್ದೂ ನಮ್ಮನೇಲಿ ಆಗಿದೆ.

ಬೇಸ್‌ಮೆಂಟ್ ಒಣಗಿದ್ರೆ ಪರವಾಗಿಲ್ಲ, ಆದ್ರೆ ನೆಲದ ಮೇಲೆ ಬೇಡ, ಹಿಮ ಕರಗೋ ಕಾಲಕ್ಕೆ ಬೇಸ್‌ಮೆಂಟಿಗೆ ಬರೋ ನೀರು ಹೊರಹಾಕೋ ಸಂಪ್ ಪಂಪ್ ಕೈ ಕೊಟ್ರೆ ಮೊದಲು ನೆನೆಯೋದು ನೆಲದ ಮೇಲಿದ್ದಿದ್ದೇ. ಫರ್ನೇಸು, ಬಿಸಿನೀರಿನ ಟ್ಯಾಂಕು ಪಕ್ಕವೂ ಬೇಡ. ಕಾರ್ ಡಿಕ್ಕಿ ಅಂತೂ ಯಾವ ಕಾಲಕ್ಕೂ ಬೇಡ, ಬೇಸಿಗೆಯಲ್ಲಿ ಅದೇ ಒಲೆ.

ಗ್ಯಾರೇಜ್ ಬಿಟ್ಟು ಗತಿಯೇ ಇಲ್ಲ ಅನ್ನೋರು ಕಂಟ್ರೋಲ್ ಬಾಕ್ಸು, ಪಿನ್‌ಪಾಯಿಂಟರ್, ಹೆಡ್‌ಫೋನ್ ಮಾತ್ರ ಆದ್ರೂ ಬಿಚ್ಚಿ ಮನೆ ಒಳಗೆ ತನ್ನಿ, ಒಂದು ಶೂ ಬಾಕ್ಸಿನಷ್ಟು ಜಾಗ. ಶಾಫ್ಟು, ಡಿಗ್ಗರು ಬೇಕಾದ್ರೆ ಅಲ್ಲೇ ಗೋಡೆಗೆ ನೇತುಹಾಕಿ. ಚಳಿಯಲ್ಲಿದ್ದ ಬ್ಯಾಗನ್ನ ಒಳಗೆ ತಂದ್ರೆ ತಕ್ಷಣ ಜಿಪ್ ತೆಗೀಬೇಡಿ, ಮುಚ್ಚಿದ ಬ್ಯಾಗಲ್ಲೇ ಕೆಲವು ಗಂಟೆ ಬಿಟ್ಟು ರೂಮಿನ ಬಿಸಿಗೆ ಬಂದ ಮೇಲೆ ತೆಗೀರಿ, ಮಂಜು ಬ್ಯಾಗಿನ ಹೊರಗೆ ಕೂರುತ್ತೆ, ಮಷೀನಿಗಲ್ಲ.

ಬ್ಯಾಗ್ ಬಟ್ಟೆಯದಾದ್ರೆ ಒಳ್ಳೇದು, ಉಸಿರಾಡುತ್ತೆ. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿ ಆದ್ರೆ ಸಾಮಾನು ನೂರಕ್ಕೆ ನೂರು ಒಣಗಿರಬೇಕು, ಇಲ್ಲಾಂದ್ರೆ ತೇವವನ್ನ ನಾವೇ ಒಳಗೆ ಹಾಕಿ ಬೀಗ ಹಾಕಿದಂಗೆ. ಸಿಲಿಕಾ ಜೆಲ್ ಪ್ಯಾಕೆಟ್ ನಾಲ್ಕೈದು ಹಾಕಿ, ಬಣ್ಣ ಬದಲಾಗೋ ಥರದ್ದು ಸಿಕ್ಕಿದ್ರೆ ಯಾವಾಗ ತೇವ ಕುಡಿದು ತುಂಬ್ತು ಅಂತ ಗೊತ್ತಾಗುತ್ತೆ. ಬಿಡಿ ಕಾಳಿನ ಜೆಲ್ ಆದ್ರೆ ಅವನ್‌ನಲ್ಲಿ 110, 120 ಡಿಗ್ರಿ ಸೆಲ್ಸಿಯಸ್‌ಗೆ ಒಂದೆರಡು ಗಂಟೆ ಇಟ್ರೆ ಮತ್ತೆ ಹೊಸದಂಗೆ ಕೆಲಸ ಮಾಡುತ್ತೆ. ಅಕ್ಕಿ ಡಬ್ಬದಲ್ಲಿ ಹೂತಿಡೋ ಐಡಿಯಾ ಬೇಡ, ಅಕ್ಕಿ ಹಿಟ್ಟು ಕಿಂಡಿಗಳಿಗೆ ಸೇರುತ್ತೆ, ತೇವ ಎಳೆಯೋದೂ ಅಷ್ಟಕ್ಕಷ್ಟೆ. ರೇಷ್ಮೆ ಸೀರೆ ಟ್ರಂಕಿಗೆ ಹಾಕೋ ನುಸಿಗುಳಿಗೆನೂ ಹಾಕ್ಬೇಡಿ, ಅದರ ಆವಿಗೆ ಕೆಲವು ಪ್ಲಾಸ್ಟಿಕ್ ಮೆತ್ತಗಾಗಿ ಅಂಟಂಟಾಗುತ್ತೆ.

ಕಾಯಿಲ್ ಮೇಲೆ ಭಾರ ಏನೂ ಬೀಳಬಾರ್ದು. ಚಪ್ಪಟೆಯಾಗಿ ಮೇಲಿನ ಶೆಲ್ಫಲ್ಲಿ ಮಲಗಿಸಿ, ಸೂಟ್‌ಕೇಸ್ ಹೇರಬೇಡಿ.

ಕುಂದಾಪುರ, ಮಂಗಳೂರು ಕಡೆ ಯಾರಾದ್ರೂ ಇಂಥ ಮಷೀನ್ ಅಥವಾ ಗೇಟಲ್ಲಿ ಚೆಕ್ ಮಾಡೋ ಕೈ ಡಿಟೆಕ್ಟರ್ ಇಟ್ಕೊಂಡಿದ್ರೆ ನಿಮ್ಮ ಚಳಿಗಾಲ ಜೂನ್‌ನಿಂದ ಸೆಪ್ಟೆಂಬರ್. ಅಲ್ಲಿ ಬಟ್ಟೆ ಬ್ಯಾಗಿಗಿಂತ ಬಿಗಿ ಮುಚ್ಚಳದ ಡಬ್ಬಿ, ತುಂಬ ಸಿಲಿಕಾ ಜೆಲ್, ತಿಂಗಳಿಗೊಮ್ಮೆ ಜೆಲ್ ಬದಲಾಯಿಸೋದು. ಮಳೆಗಾಲದ ಗಾಳಿಯಲ್ಲಿ ಚಪ್ಪಲಿ ಬೂಷ್ಟು ಹಿಡಿಯೋ ವೇಗ ನೋಡಿದೋರಿಗೆ ಇದನ್ನ ವಿವರಿಸಬೇಕಿಲ್ಲ.

ಹೆಜ್ಜೆ 6: ಉಳಿದ ಸಾಮಾನು

ಡಿಗ್ಗರ್ ತೊಳೆದು ಒಣಗಿಸಿ ಅಲಗಿಗೆ ಹೊಲಿಗೆ ಮಷೀನ್ ಎಣ್ಣೆ ತೆಳ್ಳಗೆ ಸವರಿ, ಅಡುಗೆ ಎಣ್ಣೆ ಬೇಡ, ಅದು ಗಮ್ ಥರ ಅಂಟುತ್ತೆ. ಸೊಂಟದ ಚೀಲ ಒಳಗುಹೊರಗು ಮಾಡಿ ಒದರಿ, ಅದರಲ್ಲಿ ಹಳೇ ಮೊಳೆ, ಗಾಜಿನ ಚೂರು, ಮೀನು ಹಿಡಿಯೋರ ಸೀಸದ ಗುಂಡು ಇರ್ತವೆ, ಸೀಸ ಮುಟ್ಟಿದ ಮೇಲೆ ಕೈ ತೊಳೆಯೋವರೆಗೆ ಏನೂ ತಿನ್ಬೇಡಿ, ಮಕ್ಕಳಿಗೂ ಹೇಳಿ. ಹೆಡ್‌ಫೋನ್ ಕಿವಿ ಸ್ಪಂಜು ಒರೆಸಿ ಒಣಗಿಸಿ, ವೈರ್‌ಲೆಸ್ ಆದ್ರೆ ಅದಕ್ಕೂ ಅರ್ಧ ಚಾರ್ಜ್.

ಹೆಜ್ಜೆ 7: ಬರೆದಿಡಿ

ಸೀರಿಯಲ್ ನಂಬರ್ ಫೋಟೋ, ಬಿಲ್ ಫೋಟೋ, ನಿಮಗೆ ಒಗ್ಗಿದ ಸೆಟ್ಟಿಂಗ್‌ಗಳ ಫೋಟೋ, ಮೂರೂ ಒಂದು ಫೋಲ್ಡರಿಗೆ ಹಾಕಿ. ನಾಲ್ಕು ತಿಂಗಳಾದ ಮೇಲೆ ಬೀಚಿಗೆ ಸೆನ್ಸಿಟಿವಿಟಿ ಎಷ್ಟಿಟ್ಟಿದ್ದೆ ಅಂತ ಯಾರಿಗೂ ನೆನಪಿರಲ್ಲ. ವಾರಂಟಿಗೂ ಮನೆ ಇನ್ಶೂರೆನ್ಸಿಗೂ ಸೀರಿಯಲ್ ನಂಬರ್ ಬೇಕಾಗುತ್ತೆ.

ರಜದಲ್ಲಿ ರೋಡ್ ಟ್ರಿಪ್ ಹೋಗೋರಿಗೆ ಒಂದು ಮಾತು, ಇದೂ ಎತ್ತಿಡೋ ವಿಷಯಾನೇ. ಅಮೆರಿಕದ ನ್ಯಾಷನಲ್ ಪಾರ್ಕ್ ಸರ್ವಿಸ್ ಜಾಗಗಳಲ್ಲಿ ಡಿಟೆಕ್ಟರ್ ಆಡಿಸೋದಷ್ಟೇ ಅಲ್ಲ, ಜೊತೆಗೆ ಇಟ್ಕೊಳ್ಳೋದೂ ನಿಷಿದ್ಧ. ಬಿಚ್ಚಿ, ಬಳಸೋಕೆ ಆಗ್ದಂಗೆ ಪ್ಯಾಕ್ ಮಾಡಿದ್ರೆ ಮಾತ್ರ ಸರಿ. ನಮ್ಮಲ್ಲೇ ಲೇಕ್ ಮಿಶಿಗನ್ ದಡದ ಸ್ಲೀಪಿಂಗ್ ಬೇರ್ ಡ್ಯೂನ್ಸ್ ಆ ಲೆಕ್ಕಕ್ಕೆ ಬರುತ್ತೆ. ಜೋಡಿಸಿದ ಮಷೀನ್ ಸೀಟ್ ಮೇಲೆ ಹಾಕ್ಕೊಂಡು ಹೋಗಬೇಡಿ.

ಊರಿಗೆ ಹೋಗುವಾಗ ತಗೊಂಡ್ ಬಾ, ಹಂಪಿ ಕಡೆ ಒಂದು ರೌಂಡ್ ಹೋಗ್ಬರೋಣ ಅಂತ ನೆಂಟರು ಕೇಳೋದು ಇದ್ದಿದ್ದೇ. ನಾನು ಖಡಾಖಂಡಿತ ಇಲ್ಲ ಅಂತೀನಿ. 1878ರ ನಿಧಿ ಕಾಯ್ದೆ ಪ್ರಕಾರ ಭಾರತದಲ್ಲಿ ನೆಲದೊಳಗೆ ಹತ್ತು ರೂಪಾಯಿಗಿಂತ ಜಾಸ್ತಿ ಬೆಲೆಯ ನಿಧಿ ಸಿಕ್ಕಿದ್ರೆ ಕಲೆಕ್ಟರ್‌ಗೆ ತಿಳಿಸಲೇಬೇಕು, ಸ್ಮಾರಕಗಳ ಜಾಗಕ್ಕೆ 1958ರ ಕಾಯ್ದೆ ಬೇರೆ ಇದೆ. ಕಾನೂನು ಪಕ್ಕಕ್ಕಿಟ್ರೂ ಹಂಪಿಯ ಮಣ್ಣನ್ನ ನಾವು ನಾಣ್ಯಕ್ಕೋಸ್ಕರ ಕೆದಕೋದು ಅಂದ್ರೆ ಒಂದು ದೊಡ್ಡ ಗ್ರಂಥದ ಹಾಳೆ ಹರಿದು ಜೇಬಿಗೆ ಹಾಕ್ಕೊಂಡಂಗೆ, ಯಾವ ಪದರದಲ್ಲಿ ಏನಿತ್ತು ಅನ್ನೋದು ಆಮೇಲೆ ಯಾರಿಗೂ ಗೊತ್ತಾಗಲ್ಲ.

ಸಂಕ್ರಾಂತಿ ಚೆಕ್

ನಾನು ತಾರೀಕು ನೆನಪಿಡೋಕೆ ಹಬ್ಬ ಹಿಡ್ಕೊಂಡಿದೀನಿ. ದೀಪಾವಳಿ ಹಿಂದೆಮುಂದೆ ಎತ್ತಿಡೋದು, ಸಂಕ್ರಾಂತಿ ದಿನ ಒಂದು ಚೆಕ್, ಯುಗಾದಿಗೆ ಇಳಿಸೋದು, ಈ ಊರಿನ ಹವಾಮಾನಕ್ಕೆ ಅಳತೆ ತೆಗೆದಂಗೆ ಹೊಂದುತ್ತೆ. ಎಳ್ಳುಬೆಲ್ಲ ಡಬ್ಬಿ ಮಾಡೋ ದಿನ ಹತ್ತು ನಿಮಿಷ ಸಾಕು: ಬ್ಯಾಗ್ ತೆಗೆದು ಮೂಸಿ ನೋಡಿ, ಮುಗ್ಗಲು ವಾಸನೆ ಬಂದ್ರೆ ಎಲ್ಲೋ ತೇವ ಉಳಿದಿದೆ. ಸಿಲಿಕಾ ಜೆಲ್ ಬಣ್ಣ ನೋಡಿ. ಲಿಥಿಯಂ ಮಷೀನ್ ಆನ್ ಮಾಡಿ ಚಾರ್ಜ್ ಅರ್ಧಕ್ಕಿಂತ ಬಹಳ ಇಳಿದಿದ್ರೆ ವಾಪಸ್ ಅರ್ಧಕ್ಕೆ ತನ್ನಿ. ಸಾಫ್ಟ್‌ವೇರ್ ಅಪ್ಡೇಟ್ ಬಂದಿದ್ರೆ ಇದೇ ಒಳ್ಳೇ ಟೈಮು, ಏನಾದ್ರೂ ಎಡವಟ್ಟಾದ್ರೆ ಕಂಪನಿಗೆ ಕಳಿಸಿ ತರಿಸೋಕೆ ಎರಡು ತಿಂಗಳು ಕೈಯಲ್ಲಿದೆ. ವಾಷರ್, ಓ-ರಿಂಗ್ ರಿಪೇರಿಗೂ ಇದೇ ಕಾಲ, ಏಪ್ರಿಲ್ ಬಂದ ಮೇಲೆ ಎಲ್ಲರೂ ಒಟ್ಟಿಗೆ ಆರ್ಡರ್ ಹಾಕ್ತಾರೆ.

ಯುಗಾದಿಗೆ ಇಳಿಸುವಾಗ

ಮನೆ ಒಳಗೇ ಪೂರ್ತಿ ಚಾರ್ಜ್ ಮಾಡಿ, ಅಥವಾ ಹೊಸ ಸೆಲ್ ಹಾಕಿ, ಹಳೇದೂ ಹೊಸದೂ ಬೆರೆಸಬೇಡಿ. ಜೋಡಿಸೋ ಮುಂಚೆ ಸೆಲ್ ಕೂರೋ ಪಟ್ಟಿ, ಕನೆಕ್ಟರ್ ಪಿನ್ ಇನ್ನೊಂದು ಸಲ ನೋಡಿ. ಆಮೇಲೆ ಅಂಗಳದಲ್ಲಿ ವೈರು, ಟಿವಿ, ಫೋನ್‌ನಿಂದ ದೂರ ಒಂದು ಮರದ ಬೆಂಚಿನ ಮೇಲೆ ಟೆಸ್ಟ್ ಮಾಡಿ, ಮೊಳೆ ಇರೋ ಬೆಂಚು ಬೇಡ. ನಾನು ಇದಕ್ಕೆ ಅಂತ್ಲೇ ಒಂದು ಸಣ್ಣ ಡಬ್ಬಿ ಇಟ್ಟಿದೀನಿ, ಅದರಲ್ಲಿ ಒಂದು 1964ಕ್ಕಿಂತ ಹಳೇ ಡೈಮು (ಹತ್ತು ಸೆಂಟಿನ ನಾಣ್ಯ), ಅದು 90 ಪರ್ಸೆಂಟ್ ಬೆಳ್ಳಿ, ಒಂದು ಈಚಿನ ವರ್ಷಗಳ ಸತುವಿನ ಪೆನ್ನಿ (ಒಂದು ಸೆಂಟಿನ ನಾಣ್ಯ), ಒಂದು ಕೋಕ್ ಡಬ್ಬಿಯ ಎಳೆಯೋ ಕಿವಿ, ಒಂದು ಮೊಳೆ. ದೀಪಾವಳಿಗೆ ಎತ್ತಿಡೋ ಮುಂಚೆ ಪ್ರತಿಯೊಂದಕ್ಕೂ ಸ್ಕ್ರೀನಲ್ಲಿ ಎಷ್ಟು ನಂಬರ್ ಬಂತು ಅಂತ ಬರೆದಿಟ್ಟಿರ್ತೀನಿ, ಎಷ್ಟು ಇಂಚು ದೂರಕ್ಕೆ ಕೇಳಿಸ್ತು ಅನ್ನೋದನ್ನೂ. ಯುಗಾದಿಗೆ ಅದೇ ನಂಬರ್, ಹೆಚ್ಚುಕಡಿಮೆ ಅದೇ ದೂರ ಬಂದ್ರೆ ಮಷೀನ್ ಚೆನ್ನಾಗಿದೆ. ದೂರ ಬಹಳ ಕಮ್ಮಿ ಆಗಿದ್ರೆ ಮೊದಲು ಕನೆಕ್ಟರ್ ಬಿಚ್ಚಿ ಕೂರಿಸಿ ನೋಡಿ, ಆಮೇಲೆ ಕೇಬಲ್ಲನ್ನ ಬುಡದ ಹತ್ರ ಮೆಲ್ಲಗೆ ಅಲ್ಲಾಡಿಸಿ, ಅಲ್ಲಾಡಿಸಿದಾಗ ಮಾತ್ರ ಸದ್ದು ಬಂದ್ರೆ ತಂತಿ ಮುರಿದಿದೆ ಅಂತ ಲೆಕ್ಕ.

ಎಲ್ಲ ಸರಿ ಇದ್ರೆ ಕಾಯಿಲ್ ಕವರ್ ಹಾಕಿ, ಲಾಕ್ ಬಿಗಿ ಮಾಡಿ. ನಾಯ್ಸ್ ಕ್ಯಾನ್ಸಲ್ (ಸುತ್ತಲಿನ ಕರೆಂಟಿನ ಗಲಾಟೆ ತಪ್ಪಿಸೋ ಸೆಟ್ಟಿಂಗ್), ಗ್ರೌಂಡ್ ಬ್ಯಾಲೆನ್ಸ್ (ಅಲ್ಲಿನ ಮಣ್ಣಿಗೆ ಮಷೀನ್ ಹೊಂದಿಸೋದು) ಎರಡನ್ನೂ ಹೋದ ಜಾಗದಲ್ಲೇ ಹೊಸದಾಗಿ ಮಾಡಿ, ಹಿಮ ಕರಗಿ ನೆನೆದ ಮಣ್ಣು ನವೆಂಬರಿನ ಮಣ್ಣಿನಂಗೆ ಇರಲ್ಲ. ಪಿನ್‌ಪಾಯಿಂಟರಿಗೆ 9 ವೋಲ್ಟ್ ಬ್ಯಾಟರಿ ವಾಪಸ್ ಹಾಕಿದ್ರಾ ನೋಡಿ, ಮೊದಲನೇ ದಿನ ಅದು ಮನೆಯ ಡ್ರಾಯರಲ್ಲೇ ಉಳಿಯೋದು ಜಾಸ್ತಿ. ನಮ್ಮನೇಲಿ ಈಗ ಅದನ್ನ ನೆನಪಿಸೋ ಕೆಲಸ ಮಗಂದು, ಡ್ರಾಯರ್ ಮೇಲೆ ಅವನೇ ಚೀಟಿ ಅಂಟಿಸಿದಾನೆ.